ಕಾಲು ಕ್ಲಚ್ಚಿನ ಮೇಲೇ ಇತ್ತು

ದೊಡ್ಡಮಳೂರು, ಚನ್ನಪಟ್ಟಣ ತಾಲ್ಲೂಕು
೮-೩-೨೦೨೬, ಭಾನುವಾರ, ಊಟವಾದ ಮೇಲೆ

ನಮ್ಮ ಮನೆಯ ಭಾನುಪ್ರಿಯಳಿಗೆ, ನಿನ್ನ ಮಾವ ತುಂಬು ಮನಸ್ಸಿನಿಂದ ಹರಸಿ ಬರೆಯುವುದು.

ಹೌದು ಕಣಮ್ಮ, ಹೋದ ತಿಂಗಳು ಕೂಸನ್ನು ನೋಡಲು ಬಂದಾಗ ನನಗೆ ನೆಗಡಿ ಇರಲಿಲ್ಲ. ನಿನ್ನೆ ಫೋನಿನಲ್ಲಿ ನೀನು "ನಿಜ ಹೇಳಿ ಮಾವ, ಅವತ್ ಯಾಕ್ ಮಗೂನ ಎತ್ಕಳ್ನಿಲ್ಲ" ಎಂದು ಕೇಳಿದಾಗ ನಾನು ಮತ್ತೆ ಅದೇ ನೆಗಡಿಯ ಕಥೆ ಶುರು ಮಾಡಿದೆ. ಅಷ್ಟರಲ್ಲಿ ಕೂಸು ಎದ್ದು ಅತ್ತಿತು, ನೀನು ಫೋನಿಟ್ಟೆ, ನಾನು ಬದುಕಿಕೊಂಡೆ. ಆದರೆ ಅರ್ಧಕ್ಕೆ ನಿಂತ ಆ ಮಾತು ಬೆಳಗಿನಿಂದ ನನ್ನ ಪಕ್ಕದಲ್ಲೇ ಕೂತಿದೆ. ಅದನ್ನು ಇಲ್ಲಿಂದ ಮುಂದುವರಿಸುತ್ತೇನೆ.

ಅದಕ್ಕೆ ಮೊದಲು ನೀನು ಹೇಗಿದ್ದೀಯೆ ಹೇಳು. ಸೊಂಟದ ನೋವು ಕಡಿಮೆಯಾಯಿತೇ? ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಓಡಾಡುತ್ತೀಯೆ ಎಂದು ನಿಮ್ಮವ್ವ ಮಾಯಮ್ಮನವರು ದೂರು ಹೇಳಿದರು. ಬಿಸಿಲು ಶುರುವಾಗಿದೆ ನಿಜ, ಆದರೂ ಒಂದು ತಿಂಗಳ ಬಾಣಂತಿ ನೀನು, ಕಟ್ಟಿಕೋ. ಸಿರಿ ತಂಗಿಯ ಕಣ್ಣಿಗೆ ಬೆರಳು ಹಾಕುವುದನ್ನು ಬಿಟ್ಟಳೇ? ನಿನ್ನ ತವರು ಬೈರಮಂಗಲದ ಕೆರೆ ಕಡೆ ಅವಳನ್ನು ಒಬ್ಬಳನ್ನೇ ಬಿಡಬೇಡ. ಇಲ್ಲಿ ನಾನು, ನಿನ್ನ ಗಂಡ ಬಾಲರಾಜ, ಎಮ್ಮೆ, ಮೂವರೂ ಆರೋಗ್ಯ. ಸಾರು ನಾನೇ ಮಾಡುತ್ತೇನೆ. ಬಾಲರಾಜ ಉಪ್ಪು ಹೆಚ್ಚಾಯಿತು ಎನ್ನುತ್ತಾನೆ, ಎಮ್ಮೆ ಏನೂ ಹೇಳುವುದಿಲ್ಲ. ರೇಷ್ಮೆ ಹುಳು ಇವತ್ತು ಮೂರನೇ ಜ್ವರಕ್ಕೆ ಮಲಗಿವೆ. ಅವು ಎದ್ದು ಪೊರೆ ಬಿಡುವ ತನಕ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹೀಗಾಗಿ ಇಷ್ಟುದ್ದ ಕೂತು ಬರೆಯಲು ನನಗೆ ಬಿಡುವು ಸಿಕ್ಕಿದೆ. ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯೆ. ಫೋನಿನಲ್ಲಿ ನನಗೆ ನಾಚಿಕೆಯಾಗುತ್ತದೆ, ಅಷ್ಟೇ. ಕಾಗದದ ಮುಂದೆ ಒಬ್ಬನೇ ಇರುತ್ತೇನೆ.

ಆಯುಧಪೂಜೆಯ ದಿನವನ್ನು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಸ್ಟಿಯರಿಂಗಿನ ಹಿಂದೆ ಕೂತಿದ್ದ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಾನು ಯಾರಿಗೂ ಹೇಳಿಲ್ಲ. ಜೀಪನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ನಿಂಬೆಹಣ್ಣಿನ ಮೇಲೆ ಹಾಯಿಸಿ ಹತ್ತು ಮಾರು ಮುಂದಕ್ಕೆ ಹೋದರೆ ಪೂಜೆ ಮುಗಿದ ಹಾಗೆ. ನಾನು ಹತ್ತಿ ಕೂತೆ, ಸ್ಟಾರ್ಟ್ ಮಾಡಿದೆ, ಎಡಗಾಲಲ್ಲಿ ಕ್ಲಚ್ಚು ಒತ್ತಿ ಫಸ್ಟ್ ಗೇರ್ ಹಾಕಿದೆ. ಬಾಲರಾಜ ಇನ್ನೂ ಹಿಂದಿನ ಚಕ್ರಕ್ಕೆ ಕುಂಕುಮ ಹಚ್ಚುತ್ತಿದ್ದ. "ಇರಪ್ಪಾ, ಇರು" ಎಂದ. ನಾನು ಒತ್ತಿ ಹಿಡಿದುಕೊಂಡೇ ಕಾದೆ. ಮುಂದಿನ ಎಡಚಕ್ರದ ನಿಂಬೆಹಣ್ಣು ಒಸಿ ಪಕ್ಕಕ್ಕೆ ಉರುಳಿತ್ತಂತೆ, ಅದನ್ನು ಸರಿಮಾಡಲು ಸಿರಿ ಬಗ್ಗಿದ್ದಳಂತೆ. ಬಾನೆಟ್ಟಿನ ಮರೆಯಲ್ಲಿ ಅವಳು ನನಗೆ ಕಾಣಲೇ ಇಲ್ಲ. ನನಗೆ ಗೊತ್ತಾದದ್ದು ಇಷ್ಟು: ನನ್ನ ಕಾಲು ಇದ್ದ ಕಡೆಯೇ ಇತ್ತು, ಗಾಡಿ ಮಾತ್ರ ಮುಂದಕ್ಕೆ ನೆಗೆಯಿತು. ಬ್ರೇಕು ತುಳಿದು ನಿಲ್ಲಿಸುವಷ್ಟರಲ್ಲಿ ಚಕ್ರ ನಿಂಬೆಹಣ್ಣಿನ ಮೇಲೂ ಹೋಗಿತ್ತು, ಸಿರಿಯ ಒಂದು ಚಪ್ಪಲಿಯ ಮೇಲೂ ಹೋಗಿತ್ತು. ಐದು ತಿಂಗಳ ಬಸುರಿ ನೀನು, ಅವಳ ಫ್ರಾಕನ್ನು ಹಿಡಿದೆಳೆದು ನೆಲದ ಮೇಲೆ ಕೂತುಬಿಟ್ಟಿದ್ದೆ. ಆ ಚಪ್ಪಲಿ ಇನ್ನೂ ನನ್ನ ಹತ್ತಿರ ಇದೆ. ಬಾಲರಾಜ ಎಸೆದದ್ದನ್ನು ನಾನು ಎತ್ತಿಕೊಂಡು ಬಂದೆ. ಯಾಕೆ ಎಂದು ಕೇಳಬೇಡ.

ಆಮೇಲೆ ಆಡಿದ ಮಾತೆಲ್ಲ ನಿನಗೂ ಗೊತ್ತು. "ಕಾಲೆತ್ಬುಟ್ಯಲ್ಲಪ್ಪಾ! ಮಗ ಅಲ್ಲೇ ಅವ್ಳೆ, ಕಣ್ ಕಾಣಾಕಿಲ್ವಾ ನಿಂಗೆ?" ಎಂದು ಅವನು ಕೂಗಿದ. "ಒತ್ತೇ ಇದ್ದೆ ಕಣ್ಲಾ" ಎಂದೆ. "ಒತ್ತಿದ್ರೆ ಗಾಡಿ ಎಂಗ್ ಒಯ್ತದೆ?" ಎಂದ. ಹದಿಮೂರು ವರ್ಷದಿಂದ ಬಸ್ಸು ಓಡಿಸುವವನು ಕೇಳಿದ ಪ್ರಶ್ನೆ ಅದು. ಆಗ ನೆಲದ ಮೇಲೆ ಕೂತಿದ್ದ ನೀನು, ಮಗುವನ್ನು ತಬ್ಬಿಕೊಂಡೇ, ಏದುಸಿರಿನಲ್ಲೇ ಹೇಳಿದೆ: "ಮಾವ ಕ್ಲಚ್ ಒತ್ತೇ ಇದ್ರು. ನಾನ್ ಕಣ್ಣಾರೆ ನೋಡ್ದೆ." "ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು" ಎಂದು ಬಾಲರಾಜ ಕೀ ಕಿತ್ತುಕೊಂಡು ತನ್ನ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೀಪಿನ ಮೇಲೆ ಟಾರ್ಪಾಲು ಬಿತ್ತು.

ಅವನ ಮೇಲೆ ನನಗೆ ಕೋಪವಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಇನ್ನೂ ಹೆಚ್ಚು ಕೂಗಾಡುತ್ತಿದ್ದೆ. ಕಷ್ಟವಾದದ್ದು ಬೇರೆ ಕಾರಣಕ್ಕೆ. ನಿಮ್ಮತ್ತೆ ಶಿವಲಿಂಗಮ್ಮ ಹೋದ ಈ ಎರಡು ವರ್ಷದಲ್ಲಿ ನಾನು ಏನೇನು ಮರೆತಿದ್ದೇನೆ ಎಂದು ನಿನಗೆ ಗೊತ್ತು. ಮೋಟಾರು ಆರಿಸದೆ ಬಂದು ಹಿಪ್ಪುನೇರಳೆ ತೋಟ ಕೆರೆಯಾದದ್ದು, ಹಿಂಡಿ ತರಲು ಚನ್ನಪಟ್ಟಣಕ್ಕೆ ಹೋದವನು ಬರೀ ಕೈಯಲ್ಲಿ ಬಂದದ್ದು. ಹಾಗಿರುವಾಗ ಕಾಲೂ ಮರೆತಿರಬಹುದಲ್ಲ? ಒತ್ತಿದ್ದೆ ಎಂದು ನಾನು ಅಂದುಕೊಂಡಿದ್ದೇನೆ, ನಿಜಕ್ಕೂ ಒತ್ತಿದ್ದೆನೋ ಇಲ್ಲವೋ? ಬೆನಿಫಿಟ್ ಆಫ್ ಡೌಟ್ ಎನ್ನುತ್ತಾರಲ್ಲ, ಅದನ್ನು ಊರಿಗೆಲ್ಲ ಕೊಡಬಹುದು ಭಾನು, ತನಗೆ ತಾನೇ ಕೊಟ್ಟುಕೊಳ್ಳಲು ಬರುವುದಿಲ್ಲ. ಎಷ್ಟೋ ದಿನ ಈ ಜಗಲಿಯ ಕುರ್ಚಿಯಲ್ಲಿ ಕೂತು ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದು ನೋಡಿಕೊಂಡಿದ್ದೇನೆ. ನೂರು ಎಣಿಸುವ ತನಕ ಹಿಡಿಯುತ್ತೇನೆ, ಕಾಲು ನಡುಗುವುದಿಲ್ಲ. ಆದರೂ ನಂಬಿಕೆ ಬರಲಿಲ್ಲ. ಹೋದ ತಿಂಗಳು ಬೈರಮಂಗಲಕ್ಕೆ ಬಂದಾಗ ನೀನು ಕೂಸನ್ನು ನನ್ನ ಕಡೆ ಚಾಚಿದೆಯಲ್ಲ, ಆಗ ನಾನು ನನ್ನ ಕೈ ನೋಡಿಕೊಂಡೆ. ಕಾಲನ್ನೇ ನಂಬದವನು ಕೈಯನ್ನು ಹೇಗೆ ನಂಬಲಿ? ನೆಗಡಿ ಎಂದುಬಿಟ್ಟೆ. ಮಾಯಮ್ಮನವರು ಬಿಟ್ಟಾರೆಯೇ, "ಏನ್ ಬೀಗ್ರೇ, ಮೊಮ್ಮಗ್ಳುನ್ನ ಎತ್ಕಳಕ್ಕೂ ವೀಳ್ಯ ಕೊಟ್ಟು ಕರೀಬೇಕಾ?" ಎಂದರು. ನಕ್ಕೆ. ಬಿಡದಿಯಲ್ಲಿ ಬಸ್ಸು ಹತ್ತಿದ ಮೇಲೆ ನಗು ನಿಂತಿತು. ನೀನು ಕೇಳಿದ್ದಕ್ಕೆ ಉತ್ತರ ಇದು.

ಈಗ ಸಮಾಚಾರ. ಜೀಪನ್ನು ಕನಕಪುರದ ಕಡೆಯವರಿಗೆ ಮಾರಲು ಬಾಲರಾಜ ಮಾತಾಡಿದ್ದು, ನೀನು ಅಲ್ಲಿಂದಲೇ ಫೋನಿನಲ್ಲಿ "ಮಾರೋಕ್ ಮುಂಚೆ ಒಂದ್ಸಲ ಬಸವಯ್ಯಂಗೆ ತೋರ್ಸಿ, ನಾನ್ ನೋಡಿವ್ನಿ ಅಂತ ಅವತ್ತೇ ಏಳಿವ್ನಿ" ಎಂದು ಹಟ ಹಿಡಿದದ್ದು, ಎಲ್ಲ ನನಗೆ ಗೊತ್ತು. ಆ ದಿನ ಅವನು ಊಟ ಮಾಡುತ್ತಾ ಗೊಣಗಿದ, "ಇವ್ಳೊಬ್ಳು ಲಾಯರ್ರು ನಿಂಗೆ" ಎಂದು. ಆದರೂ ಗುರುವಾರ ಬೆಳಿಗ್ಗೆ ಬಸವಯ್ಯನನ್ನು ಕರೆತಂದ. ಹಳೇ ಮೈಸೂರು ರಸ್ತೆಯಲ್ಲಿ ಶೆಡ್ಡು ಇಟ್ಟಿದ್ದಾನಲ್ಲ, ಒಂದು ಕಿವಿ ಮಂದ, ನನ್ನ ಓರಗೆಯವನು, ಅವನೇ. ಹೊಸ ಹೆದ್ದಾರಿಯಾದ ಮೇಲೆ ಅವನ ಶೆಡ್ಡಿನ ಮುಂದೆ ಗಾಡಿಗಳು ಕಡಿಮೆ, ಹಾಗಾಗಿ ಸಾವಧಾನವಾಗಿ ಬಂದ, ಸಾವಧಾನವಾಗಿ ಕಾಫಿ ಕುಡಿದ.

ಅವನು ಬಾನೆಟ್ಟು ಎತ್ತಲಿಲ್ಲ ಕಣಮ್ಮ. ಮೊದಲು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಡಾಕ್ಟರ ಹಾಗೆ ಕೇಳಿದ. "ಗೇರ್ ಬೀಳೋವಾಗ ಕರಕರ ಅಂತಿತ್ತಾ? ಫಸ್ಟು, ರಿವರ್ಸು ಎರಡಕ್ಕೂವಾ?" ಹೌದು. "ಎಲ್ಡ್ ಮೂರ್ ಕಿತ ಪೆಡ್ಲು ತುಳುದ್ರೆ ಸಲೀಸಾಗಿ ಬೀಳ್ತಿತ್ತಾ?" ಹೌದು ಎನ್ನುವಾಗಲೇ ನನಗೆ ಹೊಳೆಯಿತು. ಆಯುಧಪೂಜೆಗೆ ಮುಂಚೆ ಎರಡು ಮೂರು ವಾರದಿಂದ ನಾನು ಪ್ರತಿ ಗೇರಿಗೂ ಮೂರು ಸಲ ತುಳಿಯುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನಾನು ಗಮನಿಸಿದ್ದೂ ಇಲ್ಲ. ಗಾಡಿಗೆ ಏನೋ ಆಗಿದೆ ಎಂದು ತಲೆಗೆ ಗೊತ್ತಾಗುವ ಮುಂಚೆ ಕಾಲಿಗೆ ಗೊತ್ತಾಗಿತ್ತು. ಬಸವಯ್ಯ ತಲೆಯಾಡಿಸಿದ. ಆಮೇಲೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿದ. ಗೇರ್‌ಬಾಕ್ಸಿನ ಪಕ್ಕ ಹೆಬ್ಬೆರಳು ಗಾತ್ರದ ಒಂದು ಸಿಲಿಂಡರು ಇದೆ, ಅದನ್ನು ಬಟ್ಟೆಯಿಂದ ಒರೆಸಿ ಬಟ್ಟೆ ತೋರಿಸಿದ. ಧೂಳು ಬಿಟ್ಟರೆ ಇಷ್ಟೇ ಇಷ್ಟು ಜಿಡ್ಡು. "ಇಲ್ಲಿ ಸೋರಿರೋದು ಒಸೀನೇ. ಇಷ್ಟಕ್ಕೆ ಗಾಡಿ ಎಗರಾಕಿಲ್ಲ" ಎಂದ. ಇಂಥದ್ದೇ ಇನ್ನೊಂದು ಸಿಲಿಂಡರು ಇರುವ ಕಡೆ, ಪೆಡಲಿನ ಮೇಲ್ಗಡೆ ಡ್ಯಾಶ್‌ಬೋರ್ಡಿನ ಒಳಗೆ ಬೆರಳು ತೂರಿಸಿದ. ಅಲ್ಲಂತೂ ಒಣಗಿತ್ತು. ಹೊರಗೆ ಸೋರಿಲ್ಲ ಎಂದರೆ ಒಳಗೇ ಕಳ್ಳತನ ನಡೆಯುತ್ತಿದೆ ಎಂದ. ನಮ್ಮ ಕಾಲೇಜಿನ ಲಾಜಿಕ್ ಮೇಷ್ಟ್ರು ಇದಕ್ಕೆ ಮೆಥಡ್ ಆಫ್ ಎಲಿಮಿನೇಷನ್ ಎಂದು ಎರಡು ತಿಂಗಳು ಪಾಠ ಮಾಡಿದ್ದರು. ಅವರಿಗಿಂತ ಇವನು ಚೆನ್ನಾಗಿ ಹೇಳಿದ.

ಆಮೇಲೆ ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ಹಿಡಿದು, "ಬಾ ಬೋರಣ್ಣ, ನಿನ್ ಕೈ ಇಡು ಇಲ್ಲಿ" ಎಂದ. ಇಟ್ಟೆ. ಮೊದಲು ಗಟ್ಟಿಯಾಗಿತ್ತು. ಹಿಡಿದುಕೊಂಡೇ ಇದ್ದರೆ, ನಾಟಿ ಗದ್ದೆಯ ಕೆಸರಿನಲ್ಲಿ ಕಾಲು ತಾನಾಗಿ ಇಳಿಯುತ್ತದಲ್ಲ, ಹಾಗೆ ನಿಧಾನವಾಗಿ ಕೆಳಕ್ಕೆ ಇಳಿಯಿತು. ಬಸವಯ್ಯ ಬಾಲರಾಜನ ಕಡೆ ತಿರುಗಿ, "ಈ ಗಾಡೀಲಿ ಕೇಬಲ್ ಇಲ್ಲ ಕಣ್ಲಾ, ಎಣ್ಣೇನೇ ಕೇಬಲ್ಲು. ನೀನು ಪೆಡ್ಲು ಒತ್ತುದ್ರೆ ಎಣ್ಣೆ ಓಗಿ ಅತ್ಲಾಗಿಂದ ಕ್ಲಚ್ಚ ಬುಡಿಸ್ತದೆ. ಆ ಎಣ್ಣೆ ಒಳಗೇ ವಾಷರ್ ಪಕ್ದಾಗೆ ನುಸುಳ್ಕಂಡು ವಾಪಸ್ ಬಂದ್ಬುಟ್ರೆ? ನಿನ್ ಕಾಲು ಅಲ್ಲೇ ಇರ್ತದೆ, ಕ್ಲಚ್ಚು ಇಡ್ಕಂಬುಡ್ತದೆ" ಎಂದ. ನನಗೆ ಐವತ್ತು ವರ್ಷದ ಹಿಂದಿನ ಪಿಯುಸಿ ಫಿಸಿಕ್ಸು ನೆನಪಾಯಿತು. ಪ್ರೆಶರ್ ಅಪ್ಲೈಡ್ ಟು ಎ ಲಿಕ್ವಿಡ್ ಈಸ್ ಟ್ರಾನ್ಸ್‌ಮಿಟೆಡ್... ಮುಂದೆ 'ಒಂದಿಷ್ಟೂ ಕುಂದದೆ' ಎನ್ನುವ ಅರ್ಥದ ಒಂದು ಉದ್ದದ ಪದ ಇತ್ತು, ಅನ್‌ಡಿಮಿನಿಶ್ಡ್. ಪರೀಕ್ಷೆಯ ದಿನ ಅದು ನೆನಪಿಗೆ ಬಾರದೆ ಐದು ಮಾರ್ಕು ಹೋಗಿತ್ತು. ಈಗ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಜೀಪಿನ ಪೆಡಲು ಹಿಡಿದು ನಿಂತಾಗ ಬಂತು.

ಬಾಲರಾಜ ಒಪ್ಪಲಿಲ್ಲ. ಡ್ರೈವರುಗಳು ಬೇರೆಯವರು ಹೇಳಿದ್ದನ್ನು ಎಲ್ಲಿ ಒಪ್ಪುತ್ತಾರೆ. "ಅದೆಲ್ಲ ಸರಿ ಬಸವಣ್ಣ, ಅದ್ಕೆ ಅಂಗ್ ನೆಗೀತದಾ?" ಎಂದ. ಬಸವಯ್ಯ ಎದ್ದು ಚಡ್ಡಿಯ ಧೂಳು ಕೊಡವಿಕೊಂಡ. ಬೇರೆ ಬ್ಯಾಟರಿ ತಂದಿದ್ದ, ಹಾಕಿದ. ನಮ್ಮನ್ನೆಲ್ಲ ಗಾಡಿಯ ಹಿಂದಕ್ಕೆ ನಿಲ್ಲಿಸಿದ. ಮುಂದೆ ಹುಲ್ಲಿನ ಬಣವೆ ಬಿಟ್ಟರೆ ಏನೂ ಇಲ್ಲ. "ಅತ್ತು ಮಾರಾಯ, ನೀನೇ ಕುತ್ಕ. ಕೀ ನಿನ್ ಜೇಬಲ್ಲೇ ಐತಲ್ಲ." ಬಾಲರಾಜ ಹತ್ತಿದ. "ಮೂರ್ ಕಿತ ತುಳಿ. ಈಗ ಪೂರಾ ಒತ್ತು. ಫಸ್ಟ್ ಆಕು. ಈಗ ಕಾಲ್ ಎತ್ಬೇಡ. ಅಂಗೇ ಇಡ್ಕಂಡು ಆಯುಧಪೂಜೆ ಮಾಡು" ಎಂದ. ಒಂದು ನಿಮಿಷವೂ ಆಗಿರಲಿಲ್ಲ. ಗಾಡಿ ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿತು, ಥಟ್ಟನೆ ಮುಂದಕ್ಕೆ ಹಾರಿ ಬಣವೆಗೆ ಮೂತಿ ತೂರಿಸಿ ನಿಂತಿತು. ಬಸವಯ್ಯ ಕಿಟಕಿಯ ಹತ್ತಿರ ಹೋಗಿ, "ಕಾಲೆತ್ಬುಟ್ಯಲ್ಲಪ್ಪಾ?" ಎಂದ. ಈ ಮಾತನ್ನು ಅವನಿಗೆ ಯಾರು ಹೇಳಿದ್ದರೋ ನನಗೆ ಗೊತ್ತಿಲ್ಲ. ಬಾಲರಾಜ ಕೆಳಗೆ ಇಳಿಯಲಿಲ್ಲ. ಸ್ವಲ್ಪ ಹೊತ್ತು ತನ್ನ ಎಡಗಾಲನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಇಳಿದು, ನನ್ನ ಮುಖ ನೋಡದೆ, "ಡ್ಯೂಟಿಗೆ ಒತ್ತಾಯ್ತು" ಎಂದು ಹೊರಟ. ನಾನು ಬಣವೆಗೆ ಒರಗಿ ನಿಂತೆ ಭಾನು. ಐದು ತಿಂಗಳು ಹೊತ್ತ ಮೂಟೆಯನ್ನು ಯಾರೋ ಬೆನ್ನಿನಿಂದ ಇಳಿಸಿದ ಹಾಗಾಯಿತು. ನೀನು ಹೇಳಿದ ಮಾತು ನಿಜವಾಯಿತು ಎಂದು ನಿನಗೆ ಆಗಲೇ ಫೋನು ಮಾಡಬೇಕು ಅನಿಸಿತು.

ಮಾಡದೆ ಇದ್ದದ್ದಕ್ಕೆ ಕಾರಣ ಅದರ ಮುಂದಿನ ಅರ್ಧ ಗಂಟೆ. ಈಗ ಬರೆಯುವುದೇ ನನಗೆ ಕಷ್ಟದ್ದು, ಅದಕ್ಕೇ ಇಷ್ಟು ಸುತ್ತಿ ಬಂದೆ.

ಬಸವಯ್ಯ ಬಾನೆಟ್ಟು ಎತ್ತಿ, ಕ್ಲಚ್ಚಿನ ಎಣ್ಣೆಯ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು, ದನದ ಡಾಕ್ಟರು ಬಿಟ್ಟು ಹೋಗಿದ್ದ ಸಿರಿಂಜಿನಲ್ಲಿ ಅದನ್ನು ಎಳೆದು ಗಾಜಿನ ಲೋಟಕ್ಕೆ ಬಿಟ್ಟ. ಲೋಟವನ್ನು ಜಗಲಿಯ ಮೇಲಿಟ್ಟು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಲೋಟದಲ್ಲಿ ಎರಡು ಪದರ ನಿಂತಿತ್ತು, ಕೆಳಗೆ ತೆಳು ಬಣ್ಣದ್ದು, ಮೇಲೆ ಕಂದು ಬಣ್ಣದ್ದು. ಬೆರಳು ಅದ್ದಿ ಮೂಸಿದ. "ಇದೇನ್ ಬೋರಣ್ಣ, ಕ್ಲಚ್ಚಿಗೆ ದೀಪದೆಣ್ಣೆ ಉಯ್ದವ್ರೆ?" ಎಂದ. ನನಗೂ ಮೂಸಲು ಕೊಟ್ಟ. ಹೊಂಗೆ ಎಣ್ಣೆ. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಗೌರಿಹಬ್ಬದ ಹೊತ್ತಿನಲ್ಲಿ ಪೆಡಲು ಸ್ವಲ್ಪ ಮೆತ್ತಗಾಯಿತು ಎಂದು ಡಬ್ಬಿ ನೋಡಿದವನು ನಾನು, ಎಣ್ಣೆ ಕಡಿಮೆಯಿದೆ ಎಂದು ಕೊಟ್ಟಿಗೆಯ ಹಲಗೆಯ ಮೇಲಿನ ಬಾಟಲಿ ತಂದವನು ನಾನು, ಬಿಸಿಲಿಗೆ ಹಿಡಿದು "ಹೆವಿ ಡ್ಯೂಟಿ ಬ್ರೇಕ್ ಫ್ಲೂಯಿಡ್" ಎಂದು ಇಂಗ್ಲಿಷಿನಲ್ಲಿ ಬರೆದದ್ದನ್ನು ಜೋರಾಗಿ ಓದಿ, ಕ್ಲಚ್ಚಿಗೂ ಇದೇ ತಾನೇ ಎಂದು ಸುರಿದವನೂ ನಾನೇ. ನಿಮ್ಮತ್ತೆ ಯಾವ ಬಾಟಲಿಯನ್ನೂ ಎಸೆದವಳಲ್ಲ. ಖಾಲಿಯಾದ ಆ ಬಾಟಲಿಯನ್ನು ತೊಳೆದು, ಎಮ್ಮೆಯ ಗಾಯಕ್ಕೆ ಹಚ್ಚುವ ಹೊಂಗೆ ಎಣ್ಣೆ ತುಂಬಿಸಿ ಇಟ್ಟಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಗುರುತು ಇಲ್ಲದೆ ಏನನ್ನೂ ಇಡುತ್ತಿರಲಿಲ್ಲ. ಹಳೇ ಸೀರೆಯ ಅಂಚು ಹರಿದು ಬಾಟಲಿಯ ಕತ್ತಿಗೆ ಕಟ್ಟುತ್ತಿದ್ದಳು. ಹರಳೆಣ್ಣೆಗೆ ಒಂದು ಗಂಟು, ಹೊಂಗೆ ಎಣ್ಣೆಗೆ ಎರಡು, ಬಾಯಿಗೆ ಹಾಕಬಾರದ್ದಕ್ಕೆ ಮೂರು. ನಿನಗೆ ಗೊತ್ತು, ನಿನಗೆ ಕಲಿಸಿದ್ದಳು. ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಆ ಬಾಟಲಿಯ ಕತ್ತಿನಲ್ಲಿ ಎರಡು ಗಂಟು ಇತ್ತು ಭಾನು. ನಾನು ಗಂಟನ್ನು ನೋಡಿದ್ದೇನೆ. ಮುಚ್ಚಳ ತಿರುಗಿಸಲು ಅಡ್ಡ ಬಂತು ಎಂದು ಪಕ್ಕಕ್ಕೆ ಸರಿಸಿದ್ದು ಕೂಡ ನೆನಪಿದೆ. ಕಾಲೇಜು ಓದಿದವನು ಲೇಬಲ್ಲನ್ನು ನಂಬಿದೆ. ವಾಸನೆಯಾದರೂ ಬರಬೇಕಿತ್ತಲ್ಲ ಎನ್ನುತ್ತೀಯೆ. ಆಗ ನನಗೆ ನಿಜವಾಗಿಯೂ ನೆಗಡಿ ಇತ್ತು. ಮಳೆಗಾಲದ ನೆಗಡಿ, ನೀನೇ ಕಷಾಯ ಮಾಡಿಕೊಟ್ಟಿದ್ದೆ.

ಬ್ರೇಕ್ ಆಯಿಲಿಗೆ ಎಂದೇ ಮಾಡಿದ ಆ ರಬ್ಬರ್ ವಾಷರಿಗೆ ಬೇರೆ ಎಣ್ಣೆ ಸೋಕಬಾರದಂತೆ. ಬಸವಯ್ಯ ಮೇಲಿನ ಸಿಲಿಂಡರು ಬಿಚ್ಚಿ ತೋರಿಸಿದ. ನೆನೆಹಾಕಿದ ಹುರುಳಿಕಾಳಿನ ಹಾಗೆ ಉಬ್ಬಿ ಮೆತ್ತಗಾಗಿ, ಒಂದು ಕಡೆ ಅಂಚೇ ಕಿತ್ತುಹೋಗಿತ್ತು. ಅದನ್ನು ನನ್ನ ಅಂಗೈ ಮೇಲೆ ಇಟ್ಟ. ನನ್ನ ಮುಖ ನೋಡಿ ಅವನಿಗೂ ಪಾಪ ಅನಿಸಿರಬೇಕು. "ಅಳೇ ಗಾಡಿ, ವಾಷರ್ ತಾನಾಗೇ ಓಗಿತ್ತು ಅಂದ್ರಾಯ್ತು ಬುಡು ಬೋರಣ್ಣ. ನಿನ್ ಮಗನ್ಗೆ ನಾನೇನ್ ಏಳಕ್ಕೋಗಲ್ಲ" ಎಂದ. ಅವನ ಒಳ್ಳೆಯತನವನ್ನು ನಾನು ಮರೆಯುವುದಿಲ್ಲ. ಆದರೆ ಮನೆಯೊಳಗೆ ಸಿರಿಯ ಆ ಚಪ್ಪಲಿ ಇತ್ತಲ್ಲ, ಅದು ಇರುವಾಗ ಹಾಗೆ ಹೇಳಲು ಆಗುತ್ತದೆಯೇ? ಸಂಜೆ ಬಾಲರಾಜ ಬಂದ ಮೇಲೆ ಬಾಟಲಿಯನ್ನು ಅವನ ಮುಂದೆ ಇಟ್ಟು ಎಲ್ಲ ಹೇಳಿದೆ. ಕೂಗುತ್ತಾನೆ ಎಂದುಕೊಂಡಿದ್ದೆ. ಕೂಗಲಿ ಎಂದೂ ಅನಿಸಿತ್ತು. ಅವನು ಬಾಟಲಿಯನ್ನು ಎತ್ತಿಕೊಂಡು ಗಂಟುಗಳನ್ನು ಬೆರಳಿನಲ್ಲಿ ಸವರಿದ, ಮುಚ್ಚಳ ತೆಗೆದು ಮೂಸಿದ. ಬಹಳ ಹೊತ್ತು ಮೂಸಿದ. "ಅವ್ವನ್ ಕೈ ವಾಸ್ನೆ ಕಣಪ್ಪ" ಎಂದ. ಎಮ್ಮೆಗೆ ಹಚ್ಚಿ ಹಚ್ಚಿ ಅವಳ ಕೈಯೆಲ್ಲ ಯಾವಾಗಲೂ ಅದೇ ವಾಸನೆಯಲ್ಲವೇ. ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಅಷ್ಟೇ ಅವನು ಹೇಳಿದ್ದು. ಬಾಟಲಿಯನ್ನು ದೇವರ ಗೂಡಿನ ಕೆಳಗೆ ಇಟ್ಟು ಕೈಕಾಲು ತೊಳೆಯಲು ಹೋದ. ಅದು ಇನ್ನೂ ಅಲ್ಲೇ ಇದೆ. ನೀನು ಬಂದ ಮೇಲೆ ಎಲ್ಲಿಡಬೇಕು ಎಂದು ಹೇಳು, ಅಲ್ಲಿಯ ತನಕ ನಾನು ಮುಟ್ಟುವುದಿಲ್ಲ.

ಶುಕ್ರವಾರ ಬಾಲರಾಜನೇ ರಾಮನಗರಕ್ಕೆ ಹೋಗಿ ಎರಡೂ ಸಿಲಿಂಡರಿನ ವಾಷರುಗಳು, ಹೊಸ ಪೈಪು, ಸೀಲು ಒಡೆಯದ ಬ್ರೇಕ್ ಆಯಿಲು ತಂದ. ನಿನ್ನೆ ಬೆಳಿಗ್ಗೆ ಜೋಡಿಸಿದರು. ಎಲ್ಲ ಜೋಡಿಸಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಒಬ್ಬ ಕೆಳಗೆ 'ಒತ್ತು, ಹಿಡಿ, ಬುಡು' ಎನ್ನುತ್ತಾ ಗಾಳಿ ಹೊರಬಿಡುವ ನಿಪ್ಪಲ್ಲನ್ನು ಬಿಚ್ಚಿ ಬಿಗಿ ಮಾಡುತ್ತಾನೆ, ಇನ್ನೊಬ್ಬ ಮೇಲೆ ಕೂತು ಹೇಳಿದ ಹಾಗೆ ಪೆಡಲು ತುಳಿಯಬೇಕು. ಹಿಡಿ ಎಂದಾಗ ಕಾಲು ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ, ಮೊದಲಿನಿಂದ ಮಾಡಬೇಕು. ಬಾಲರಾಜ ಹತ್ತಲು ಹೋದ. ಗಾಡಿಯ ಕೆಳಗಿನಿಂದಲೇ ಬಸವಯ್ಯ, "ನೀನ್ ಬ್ಯಾಡ ಕಣ್ಲಾ, ಬಸ್ಸಿನೋನು ಒದೀತಿಯ. ಬೋರಣ್ಣ, ನೀನ್ ಕುತ್ಕ, ನಿನ್ ಕಾಲು ಅದವಾಗೈತೆ" ಎಂದ. ಐದು ತಿಂಗಳ ಮೇಲೆ ಆ ಸೀಟಿನಲ್ಲಿ ಕೂತೆ. ಒತ್ತು ಎಂದಾಗ ಒತ್ತಿದೆ, ಹಿಡಿ ಎಂದಾಗ ಹಿಡಿದೆ. ನಲವತ್ತು ಸಲವಾದರೂ ಆಗಿರಬೇಕು, ಒಂದು ಸಲವೂ ಕಾಲು ಎತ್ತಲಿಲ್ಲ. ಕೊನೆಗೆ ಪೆಡಲು ಗಟ್ಟಿಯಾಗಿ ಕಾಲಿಗೆ ಸಿಕ್ಕಿತು. ಎಷ್ಟು ದಿನವಾಗಿತ್ತು ಹಾಗೆ ಏನಾದರೂ ಕಾಲಿಗೆ ಎದುರಾಗಿ. ಮಧ್ಯಾಹ್ನ ನೋಡಿದರೆ ಕೀ ಹಳೇ ಮೊಳೆಯ ಮೇಲೆ ನೇತಾಡುತ್ತಿತ್ತು. ಬಾಲರಾಜ ಯಾವಾಗ ತಂದು ಹಾಕಿದನೋ ಗೊತ್ತಿಲ್ಲ.

ಹೀಗಾಗಿ ಭಾನು, ನೀನು ನನ್ನ ಕಾಲಿನ ವಿಷಯದಲ್ಲಿ ಹೇಳಿದ್ದು ಸರಿ. ಆದರೆ ಗಾಡಿಯನ್ನು ಹಾಗೆ ಮಾಡಿಟ್ಟವನು ನಾನೇ. ನಿನ್ನ ಮಗಳು ಬಗ್ಗಿದ್ದ ಚಕ್ರದ ಮುಂದೆ ಆ ದಿನ ಏನಾಗಬಹುದಿತ್ತೋ ಅದಕ್ಕೆ ನಾನೇ ಕಾರಣನಾಗುತ್ತಿದ್ದೆ. ಇದನ್ನು ನಿನ್ನಿಂದ ಮುಚ್ಚಿಟ್ಟು ಕೂಸನ್ನು ಎತ್ತಿಕೊಳ್ಳಲು ನನಗೆ ಇಷ್ಟವಿಲ್ಲ. ಇದನ್ನು ಓದಿದ ಮೇಲೂ ಅದನ್ನು ನನ್ನ ಕೈಗೆ ಕೊಡುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಬೇಡ ಎಂದರೆ ನಾನು ಬೇಜಾರು ಮಾಡಿಕೊಳ್ಳುವವನಲ್ಲ. ಆ ದಿನ ಮಗುವನ್ನು ಎಳೆದುಕೊಂಡ ನಿನ್ನ ಕೈಗೆ ನಾನು ಯಾವ ರೀತಿ ಥ್ಯಾಂಕ್ಸ್ ಹೇಳಲಿ? ನನ್ನ ಇಂಗ್ಲಿಷಿನಲ್ಲಿ ಅದಕ್ಕೆ ಪದ ಇಲ್ಲ, ಕನ್ನಡದಲ್ಲಿ ಇರುವುದನ್ನು ಮಾವ ಸೊಸೆಗೆ ಹೇಳಿ ಅಭ್ಯಾಸವಿಲ್ಲ. ನಮ್ಮೂರ ಗುಡಿಯ ಅಂಬೆಗಾಲು ಕೃಷ್ಣನಿಗೆ ಬೆಣ್ಣೆ ಕೊಟ್ಟು ಬಂದೆ, ನಿನ್ನ ಹೆಸರಿನಲ್ಲಿ. ನೀನು ಮದುವೆಯಾಗಿ ಬಂದದ್ದು ಇದೇ ಜೀಪಿನಲ್ಲಿ, ಸಿರಿಯ ಬಾಣಂತನ ಮುಗಿಸಿ ಬಂದದ್ದು ಇದರಲ್ಲೇ. ಮೂರು ತಿಂಗಳು ತುಂಬಿದ ಮೇಲೆ ಪುಟ್ಟದೂ ಇದರಲ್ಲೇ ಬರಲಿ ಎಂದು ಒಂದು ಆಸೆ. ಯಾರು ಓಡಿಸಬೇಕು ಎಂಬುದನ್ನು ನೀನೇ ಹೇಳು.

ಇನ್ನೂ ಎರಡು ಮಾತು ಬರೆಯೋಣ ಎಂದಿದ್ದೆ, ತಲೆ ಎತ್ತಿದರೆ ಬಣವೆಯ ನೆರಳು ಜಗಲಿಯ ತನಕ ಬಂದಿದೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಸಾಲು ಮೇಲೆ ಕೆಳಗೆ ಹೋಗುತ್ತಿದೆ. ಮಾಯಮ್ಮನವರಿಗೆ ನನ್ನ ನಮಸ್ಕಾರ ತಿಳಿಸು, ವೀಳ್ಯ ಬೇಡ, ಕರೆಯದೆಯೇ ಬರುತ್ತೇನೆ ಎಂದು ಹೇಳು. ಸಿರಿಗೆ ಮುತ್ತು. ನಿಮ್ಮ ಮೂವರ ಹೊಟ್ಟೆ ತಣ್ಣಗಿರಲಿ.

ನಿನ್ನ ಮಾವ,
ಬೋರಲಿಂಗಯ್ಯ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಮಧ್ಯಾಹ್ನದಿಂದ ತಳ್ಳುತ್ತಾ ಬಂದದ್ದು, ಬೆಳಕು ಇರುವಷ್ಟರಲ್ಲಿ ಬರೆದುಬಿಡುತ್ತೇನೆ: ನೀನು ಕಣ್ಣಾರೆ ಕಂಡದ್ದನ್ನು ನಾನೂ ಒಮ್ಮೆ ಕಾಣೋಣ ಎಂದು ಇವತ್ತು ಬೆಳಿಗ್ಗೆ ಕ್ಲಚ್ ಪೆಡಲಿಗೆ ನನ್ನ ಬಿಳಿ ಟವೆಲ್ಲು ಕಟ್ಟಿ, ಮುಂದಿನ ಎಡಚಕ್ರದ ಹತ್ತಿರ, ನೀನು ಆ ದಿನ ನಿಂತಿದ್ದ ಜಾಗದಲ್ಲೇ ನಿಂತು ನೋಡಿದೆ. ಬಗ್ಗಿ ನೋಡಿದೆ, ಕೂತು ನೋಡಿದೆ. ಬಾನೆಟ್ಟು ಕಾಣುತ್ತದೆ, ಮಡ್‌ಗಾರ್ಡು ಕಾಣುತ್ತದೆ. ಟವೆಲ್ಲು ಕಾಣುವುದಿಲ್ಲ ಭಾನು. ನೀನು ನೋಡಿಲ್ಲ. ನೋಡದೆಯೇ ಹೇಳಿದೆ, ಐದು ತಿಂಗಳು ಅದನ್ನೇ ಹೇಳಿದೆ. ಬಾಲರಾಜನಿಗೆ ನಾನು ಹೇಳುವುದಿಲ್ಲ, ನೀನೂ ಹೇಳಬೇಡ. ಶುಕ್ರವಾರ ಹುಳು ನಾಲ್ಕನೇ ಜ್ವರಕ್ಕೆ ಮಲಗುತ್ತವೆ, ಅವನಿಗೂ ರಜ, ಹತ್ತು ಗಂಟೆಗೆ ಬರುತ್ತೇವೆ. ಮಗುವಿಗೆ ಹಾಲು ಕುಡಿಸಿಟ್ಟಿರು. ಈ ಸಲ ನೀನು ಚಾಚಿದರೆ ಎತ್ತಿಕೊಳ್ಳುತ್ತೇನೆ.